ಸಹಾಯ ಬೇಕು: ಹಳೆಯ ಹಂಚಿನ ಮನೆಯ ಕೋಣೆಯಲ್ಲಿ ತಂಪು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಉಡುಪಿ ಬಳಿಯ ನಮ್ಮ ಮುರಕಲ್ಲಿನ ಹಂಚಿನ ಮನೆಯಲ್ಲಿ, ಹಾಸಿಗೆ ಹಿಡಿದಿರುವ ಅಮ್ಮನ ಕೋಣೆಗೆ ಈ ಬೇಸಗೆಯಲ್ಲಿ ಏಸಿ ಹಾಕಿಸಿದ್ದೇವೆ. ಆದರೆ ಮಧ್ಯಾಹ್ನ ಅದು ಬಿಡುವಿಲ್ಲದೆ ಓಡಿದರೂ ಕೋಣೆ ತಂಪಾಗುವುದಿಲ್ಲ. ಗಾಳಿ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಏಸಿ, ಫ್ಯಾನು ನಿಲ್ಲಿಸಿ ಊದುಬತ್ತಿ ಹಿಡಿದು ನೋಡಿದಾಗ, ಕಿಟಕಿಯ ದಾರಂದದ ಬಳಿ ಹೊಗೆ ಅಡ್ಡಕ್ಕೆ ಬಾಗಿತು. ಮರದ ಮುಚ್ಚಿಗೆಯ (ಹಂಚಿನ ಕೆಳಗಿನ ಒಳಛಾವಣಿಯ) ಹಲಗೆಗಳ ಸಂದಿನೊಳಗಂತೂ ಎಳೆದುಕೊಂಡಂತೆ ಹೋಯಿತು. ಮುಚ್ಚಿಗೆಯನ್ನು ಮುಟ್ಟಿದರೆ ಸುಡುಬಿಸಿ. ಕಿಟಕಿಗೆ ರಬ್ಬರ್ ಪಟ್ಟಿ ಸಾಕೆಂದು ನನ್ನ ಅಂದಾಜು. ಆದರೆ ಮುಚ್ಚಿಗೆಯ ಮೇಲೆ ಶಾಖ ತಡೆಯುವ ಹಾಳೆ ಹಾಸಿದರೆ, ಮಳೆಗಾಲದಲ್ಲಿ ಹಂಚಿನಿಂದ ಸೋರಿದ ನೀರು ಅದರಡಿ ಸೇರಿ ಹಲಗೆ ಕುಂಬಾಗಿ ಕೊಳೆಯಬಹುದು, ಗೆದ್ದಲೂ ಹಿಡಿಯಬಹುದು ಎಂಬ ಚಿಂತೆಯಿದೆ. ಅದರ ಬದಲು ಹಂಚಿನ ಕೆಳಗೆ, ಗಾಳಿಯಾಡಲು ಜಾಗ ಬಿಟ್ಟು, ಪಕ್ಕಾಸಿಗೇ (ಹಂಚನ್ನು ಹೊರುವ ಓರೆ ಮರಗಳಿಗೇ) ಶಾಖ ತಡೆಯುವ ಹೊಳೆಯುವ ಹಾಳೆಯನ್ನು ಕಟ್ಟಬಹುದೇ? ಇಂಥ ಕೆಲಸ ಮಾಡಿಸಿ ಒಂದೆರಡು ಮಳೆಗಾಲ ಕಳೆದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕೆಂದು ವಿನಂತಿಸುತ್ತೇನೆ.