ಮಾರುತಿ 800 ಕಾರ್ಬ್ಯುರೇಟರ್ ಗಾಡಿ: ಬಿಸಿಯಾದ ಮೇಲೆ ಸ್ಲೋ ನಿಲ್ಲುತ್ತಿಲ್ಲ

ಕೆಎ31_ಶಿರಸಿ

1997ರ ಮಾರುತಿ 800. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್, ಐದಾರು ನಿಮಿಷ ಅಡ್ಡಿಲ್ಲ. ಚೋಕ್ ಒಳಗೆ ದೂಡಿದ ಮೇಲೆ ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಇಡೀ ಗಾಡಿ ನಡುಗುತ್ತದೆ, ಕ್ಲಚ್ ಒತ್ತಿ ನಿಲ್ಲಿಸಿದರೆ ಬಂದ್ ಬೀಳುತ್ತದೆ. ಓಟದಲ್ಲಿ ತಕರಾರಿಲ್ಲ, ದೇವಿಮನೆ ಘಟ್ಟ ಸಲೀಸಾಗಿ ಹತ್ತುತ್ತದೆ. ಪ್ಲಗ್ ಮೂರೂ ಹೊಸತು, ಏರ್ ಫಿಲ್ಟರೂ ಹೊಸತು. ಗ್ಯಾರೇಜಿನಲ್ಲಿ ಪ್ರತಿ ಸಲ ಸ್ಲೋ ಸ್ಕ್ರೂ ಏರಿಸಿ ಕೊಡುತ್ತಾರೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಮಳೆ ಶುರುವಾದ ಮೇಲೆ ಜಾಸ್ತಿಯಾಗಿದೆ. ಕಾರ್ಬ್ಯುರೇಟರ್ ಬದಲಿಸಬೇಕಾ?

ಬೈತಖೋಲ

ಕಾರ್ಬ್ಯುರೇಟರಿಗೆ ಈಗಲೇ ದುಡ್ಡು ಹಾಕಬೇಡಿ ಮಾರಾಯ್ರೆ. ಮೊದಲು ಪೆಟ್ರೋಲ್ ಕಡಿಮೆಯೋ ಹೆಚ್ಚೋ ತಿಳಿಯಬೇಕು. ಎಂಜಿನ್ ಪೂರ್ತಿ ಬಿಸಿಯಾಗಿ ನಡುಗುತ್ತಿರುವಾಗ ಫಿಲ್ಟರ್ ಮುಚ್ಚಳ ತೆಗೆದು, ಕಾರ್ಬ್ಯುರೇಟರ್ ಬಾಯಿಗೆ ದಪ್ಪ ರಟ್ಟು ಹಿಡಿದು ಅರ್ಧ ಮುಚ್ಚಿ. ಚೋಕ್ ಕೇಬಲ್ ಎಳೆದು ನೋಡುವುದಕ್ಕಿಂತ ಇದು ವಾಸಿ. ಕೇಬಲ್ ಎಳೆದರೆ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ಕೂಡ ಸ್ವಲ್ಪ ತೆರೆದು ರೇಸ್ ಏರುತ್ತದೆ, ಅದರಿಂದ ಮೋಸ ಹೋಗುತ್ತೀರಿ.

ರಟ್ಟು ಹಿಡಿದಾಗ ನಡುಕ ನಿಂತು ಶಬ್ದ ಒಂದೇ ಸಮನಾದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಏರ್ ಎಳೆಯುತ್ತಿದೆ. ಇನ್ನೂ ಹದಗೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು. ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಸೋರುತ್ತಿರಬಹುದು. ಎರಡೂ ಇಲ್ಲವೆಂದರೆ ಕರೆಂಟ್ ಅಥವಾ ಕಂಪ್ರೆಶನ್ ಕಡೆ ಹೋಗಿ.

ನೀವು ಹೇಳಿದ ಲಕ್ಷಣಕ್ಕೆ ಮೊದಲನೆಯದೇ ಹೊಂದುತ್ತದೆ. ಸ್ಲೋದಲ್ಲಿ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿರುತ್ತದೆ, ಒಳಗೆ ಹೋಗುವ ಗಾಳಿಯೇ ಸ್ವಲ್ಪ. ಕೂದಲೆಳೆಯ ಸೀಳಿನಿಂದ ಬರುವ ಗಾಳಿಯೂ ಆಗ ದೊಡ್ಡ ಪಾಲು. ಘಟ್ಟ ಹತ್ತುವಾಗ ಅದೇ ಸೀಳು ಲೆಕ್ಕಕ್ಕಿಲ್ಲ.

ಎರಡು ಕಡೆ ನೋಡಿ. ಕಾರ್ಬ್ಯುರೇಟರ್ ಮೈಮೇಲೆ ವೈರ್ ಇರುವ ಪುಟ್ಟ ಸಿಲಿಂಡರ್ ಇದೆಯಲ್ಲ, ಅದು ಸ್ಲೋ ಪೆಟ್ರೋಲಿನ ಸೊಲೆನಾಯ್ಡ್, ಕರೆಂಟ್ ಬಂದಾಗ ಆ ದಾರಿ ತೆರೆಯುವ ವಾಲ್ವ್. ಇಗ್ನಿಶನ್ ಆನ್, ಎಂಜಿನ್ ಬಂದ್. ವೈರ್ ಕಿತ್ತು ಮತ್ತೆ ತಾಗಿಸಿದರೆ ‘ಟಿಕ್’ ಎನ್ನಬೇಕು. ಎನ್ನದಿದ್ದರೆ ವೈರಿನಲ್ಲಿ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಕರಾವಳಿಯ ಉಪ್ಪುಗಾಳಿಗೆ ಈ ಟರ್ಮಿನಲ್ ಹಸಿರು ಹಿಡಿಯುವುದು ಸಾಮಾನ್ಯ, ನಿಮ್ಮ ಕಡೆ ಮಳೆಯ ತೇವಕ್ಕೂ ಹಿಡಿಯುತ್ತದೆ. ಸೊಲೆನಾಯ್ಡ್ ತೆರೆಯದಿದ್ದರೆ ಸ್ಲೋ ದಾರಿಯೇ ಬಂದ್. ಸ್ಕ್ರೂ ಏರಿಸಿದಾಗ ತಟ್ಟೆ ಹೆಚ್ಚು ತೆರೆದು ಬೇರೆ ತೂತುಗಳಿಂದ ಪೆಟ್ರೋಲ್ ಬರುವುದರಿಂದ ಎಂಜಿನ್ ಬಂದ್ ಬೀಳುವುದಿಲ್ಲ, ಅಷ್ಟೆ. ರೋಗ ಅಲ್ಲೇ ಇರುತ್ತದೆ.

ಟಿಕ್ ಬಂದರೆ ಏರ್ ಹುಡುಕಿ. ಸ್ಪ್ರೇ ಬಾಟಲಿಯಲ್ಲಿ ಬರೇ ನೀರು ತುಂಬಿ, ಕಾರ್ಬ್ಯುರೇಟರಿನ ಬುಡ, ಅದರ ಕೆಳಗಿನ ಮ್ಯಾನಿಫೋಲ್ಡ್ (ಎಂಜಿನಿಗೆ ಹೋಗುವ ಗಾಳಿಯ ಕೊಳವೆ) ಪ್ಯಾಕಿಂಗ್, ವ್ಯಾಕ್ಯೂಮ್ ಪೈಪುಗಳ ತುದಿ, ಹೀಗೆ ಒಂದೊಂದೇ ಜಾಗಕ್ಕೆ ಒಂದೊಂದು ಸಲ ಹೊಡೆಯಿರಿ. ಎಲ್ಲಿ ಹೊಡೆದಾಗ ಶಬ್ದ ಬದಲಾಗುತ್ತದೋ ಅಲ್ಲೇ ಸೀಳು. ಕಾರ್ಬ್ ಕ್ಲೀನರ್ ಬೇಡ. ಬಿಸಿ ಸೈಲೆನ್ಸರ್ ಪೈಪಿಗೆ ಬಿದ್ದರೆ ಬೆಂಕಿ.

ಕುಮಟಾ_ಕ್ರಾಸ್

ಮಳೆಯಲ್ಲಿ ಜಾಸ್ತಿ ಅಂದಿದ್ದೀರಿ, ಹಾಗಾಗಿ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪನ್ನೂ ಬಿಡಬೇಡಿ. ಬಿಚ್ಚಿ ಒಳಗೆ ಟಾರ್ಚ್ ಹಾಕಿ. ಟರ್ಮಿನಲ್ ಮೇಲೆ ಬಿಳಿ ಹುಡಿ ಇದ್ದರೆ ಕೆರೆದು ತೆಗೆಯಬಹುದು. ಒಂದು ಟರ್ಮಿನಲಿನಿಂದ ಇನ್ನೊಂದಕ್ಕೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಕಂಡರೆ ಮಾತ್ರ ಕ್ಯಾಪ್ ಎಸೆಯಿರಿ. ಕರೆಂಟ್ ಆ ಗೆರೆಯ ಮೇಲೇ ಓಡುತ್ತದೆ, ಒರೆಸಿದರೆ ಹೋಗುವುದಿಲ್ಲ. ರಾತ್ರಿ ಲೈಟ್ ಆರಿಸಿ ಬಾನೆಟ್ ತೆರೆದರೆ ಪ್ಲಗ್ ವೈರಿನಿಂದ ಹಾರುವ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ವೈರ್ ಒಂದು ಮೀಟರಿಗೆ 10ರಿಂದ 20 ಕಿಲೋ ಓಮ್ ತೋರಿಸಿದರೆ ಸರಿ.

ಮೂರೇ ಸಿಲಿಂಡರಿನ ಎಂಜಿನ್, ಒಂದು ಸೋತರೂ ಕುಣಿಯುತ್ತದೆ. ಎಂಜಿನ್ ಬಂದ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಅದರ ತುದಿಯನ್ನು ಗಾಡಿಯ ಲೋಹದ ಮೈಗೆ ತಾಗಿಸಿ ಅರ್ತ್ ಮಾಡಿ ಸ್ಟಾರ್ಟ್ ಮಾಡಿ. ಹೀಗೆ ಮೂರಕ್ಕೂ. ಯಾವುದನ್ನು ತೆಗೆದಾಗ ಏನೂ ವ್ಯತ್ಯಾಸ ಆಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಟ್ಯಾಪೆಟ್ (ವಾಲ್ವ್ ತುದಿಯ ಸಂದು) ನೋಡಿ, ತಣ್ಣಗಿದ್ದಾಗ ಸುಮಾರು 0.15 ಮಿ.ಮೀ. ಇರಬೇಕು. ಬಿಗಿಯಾಗಿದ್ದರೆ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಕೂರುವುದಿಲ್ಲ.

ಸಿದ್ದಾಪುರ_ಮೇಲೆ

ಸ್ಲೋದಲ್ಲಿ ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಬಗ್ಗೆ ಒಂದು ಮಾತು. ಬರೇ ಪೆಟ್ರೋಲಿಗೆ 1 ಕೆ.ಜಿ.ಗೆ ಸುಮಾರು 14.7 ಕೆ.ಜಿ. ಗಾಳಿ ಬೇಕು, ಶೇ. 20 ಎಥೆನಾಲ್ ಬೆರೆಸಿದ್ದಕ್ಕೆ ಸುಮಾರು 13.5 ಸಾಕು. ಕಾರ್ಬ್ಯುರೇಟರಿಗೆ ಇದು ಗೊತ್ತಾಗುವುದಿಲ್ಲ, ಹಳೇ ಅಳತೆಯಲ್ಲೇ ಕೊಡುತ್ತದೆ, ಎಂಜಿನಿಗೆ ಮಿಶ್ರಣ ತೆಳುವಾಗುತ್ತದೆ. ಆದರೆ ಸ್ಕ್ರೂ ಮುಟ್ಟುವುದು ಏರ್ ಸೋರಿಕೆ ಮುಚ್ಚಿದ ಮೇಲೆಯೇ. ಮೊದಲು ಸ್ಕ್ರೂ ಎಷ್ಟು ಸುತ್ತು ಹೊರಗಿತ್ತೆಂದು ಎಣಿಸಿ ಬರೆದಿಡಿ. ಬಿಸಿ ಎಂಜಿನಿನಲ್ಲಿ ಕಾಲು ಕಾಲು ಸುತ್ತು ಹೊರಗೆ ಬಿಡುತ್ತಾ ರೇಸ್ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಸ್ಲೋ ಸ್ಕ್ರೂ ಇಳಿಸಿ ನಿಮಿಷಕ್ಕೆ 900 ಸುತ್ತಿನ (ಆರ್‌ಪಿಎಂ) ಹತ್ತಿರ ತನ್ನಿ. ಒಳಗೆ ಬಿಗಿಯಾಗಿ ತಿರುಗಿಸಬೇಡಿ: ಸೂಜಿಯ ತುದಿಗೆ ಉಂಗುರದಂಥ ಗಾಯ ಬಿದ್ದರೆ ಮತ್ತೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ.

ಕೆಎ31_ಶಿರಸಿ

ಟಿಕ್ ಬರುತ್ತದೆ. ರಟ್ಟು ಅರ್ಧ ಮುಚ್ಚಿದಾಗ ನಡುಕ ಪೂರ್ತಿ ನಿಂತಿತು. ಕಾರ್ಬ್ಯುರೇಟರ್ ಬುಡದ ಹಿಂಬದಿಗೆ ನೀರು ಹೊಡೆದಾಗ ಎರಡು ಸೆಕೆಂಡ್ ಶಬ್ದ ಸರಿಯಾಗಿ ಮತ್ತೆ ಕೆಟ್ಟಿತು. ಬಿಚ್ಚಿದರೆ ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಕಪ್ಪು ಇನ್ಸುಲೇಟರ್ ಬೋಲ್ಟ್ ತೂತಿನ ಹತ್ತಿರ ಸೀಳಿದೆ. ಪ್ಯಾಕಿಂಗ್ ಜೊತೆ ಸಿಲಿಕೋನ್ ಹಚ್ಚಲಾ?

ಬೈತಖೋಲ

ಹಚ್ಚಲೇಬೇಡಿ. ಪೆಟ್ರೋಲಿಗೆ ಸಿಲಿಕೋನ್ ಉಬ್ಬಿ, ತುಣುಕು ಒಳಗೆ ಹೋಗುತ್ತದೆ. ಹೊಸ ಇನ್ಸುಲೇಟರ್, ಮೇಲೊಂದು ಕೆಳಗೊಂದು ಹೊಸ ಪ್ಯಾಕಿಂಗ್, ಒಣಗಿದ್ದೇ ಹಾಕಿ. ಅದಕ್ಕೂ ಮೊದಲು ಕಾರ್ಬ್ಯುರೇಟರ್ ಬುಡದ ಮೇಲೆ ಸ್ಟೀಲ್ ಸ್ಕೇಲ್ ಅಂಚು ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ 0.10 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿದರೆ ಬುಡ ಬಾಗಿದೆ. ಆಗ ಗಾಜಿನ ಮೇಲೆ 400 ನಂಬರಿನ ಎಮರಿ ಹಾಳೆ ಹರಡಿ, ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಕೂರಿಸಿ. ನಟ್ಟುಗಳನ್ನು ಎದುರುಬದುರಾಗಿ ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ. ಒಂದನ್ನೇ ಪೂರ್ತಿ ಬಿಗಿದರೆ ಹೊಸ ಇನ್ಸುಲೇಟರೂ ಅದೇ ತೂತಿನಲ್ಲಿ ಸೀಳುತ್ತದೆ.