ಕೆನ್ನೆ ನೋವೆಲ್ಲಾ ಸೈನಸ್ಸಾ?

ದೊಡ್ಡಪ್ಪ: (ಫಾರ್ವರ್ಡ್) ಬಹಳ ದಿನದಿಂದ ಕೆನ್ನೆ ನೋವೇ? ಅದು ಸೈನಸ್! ದಿನಾ ಹಬೆ ತೆಗೆದುಕೊಳ್ಳಿ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ತಂಗೀ, ಇದು ನಿನಗೇ. ಸರಿಯಾಗಿ ಓದು.

ಅಕ್ಕ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ, ಇದು ತಪ್ಪು. ಸೈನಸ್ ಆದರೆ ಮೂಗು ಕಟ್ಟುತ್ತೆ, ಸಿಂಬಳ ಬರುತ್ತೆ, ವಾಸನೆ ಸರಿಯಾಗಿ ತಿಳಿಯಲ್ಲ. ಇದ್ಯಾವುದೂ ಇಲ್ಲದೆ ತಿಂಗಳುಗಟ್ಟಲೆ ಬರೀ ನೋವಿದ್ದರೆ ಬೇರೆ ಕಾರಣ ಹುಡುಕಬೇಕು.

ದೊಡ್ಡಪ್ಪ: ನೀನು ಹಲ್ಲಿನ ಡಾಕ್ಟರು. ಮೂಗಿನ ವಿಷಯ ನಿನಗೇಕೆ?

ಅಕ್ಕ: ಮುಖ ನೋವಿನವರು ಮೊದಲು ಬರೋದೇ ನಮ್ಮ ಹತ್ತಿರ 😊 ಅತ್ತೆ, ನೋವು ಹೇಗೆ ಬರುತ್ತೆ ಹೇಳಿ.

ಅತ್ತೆ: ಬಲಗಡೆ ಮಾತ್ರ. ಮುಖ ತೊಳೆಯುವಾಗ ಮೂಗಿನ ಪಕ್ಕ ಬೆರಳು ತಾಗಿದರೆ ಸಾಕು, ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುತ್ತೆ. ಕ್ಷಣದಲ್ಲಿ ಹೋಗುತ್ತೆ, ಮತ್ತೆ ಬರುತ್ತೆ. ಹಲ್ಲುಜ್ಜೋಕೂ ಭಯ. ಎರಡು ಹಲ್ಲು ಕೀಳಿಸಿದೆ, ನೋವು ಅಲ್ಲೇ ಇದೆ.

ನಾನು: ಹಲ್ಲು ಹೋಯಿತು, ನೋವು ಉಳಿಯಿತು. ಅನ್ಯಾಯ ಅಲ್ವಾ?

ಅಕ್ಕ: ಅದೇ ಸುಳಿವು. ಮುಖಕ್ಕೂ ಹಲ್ಲಿಗೂ ಒಂದೇ ನರ, ಟ್ರೈಜೆಮಿನಲ್. ಅದು ಕೆರಳಿದರೆ ಹಲ್ಲೇ ನೋಯುತ್ತಿದೆ ಅನ್ನಿಸುತ್ತೆ. ಒಂದೇ ಕಡೆ, ತಾಗಿದರೆ ಚುಳ್, ಹೆಚ್ಚೆಂದರೆ ಎರಡು ನಿಮಿಷ. ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಆ ನರದ ನೋವು ಇರಬಹುದು. 50 ದಾಟಿದವರಲ್ಲೇ ಜಾಸ್ತಿ.

ಚಿಕ್ಕಮ್ಮ: ನನಗೂ ಹಾಗೇನಾ? ಬೆಳಿಗ್ಗೆ ಎದ್ದಾಗ ದವಡೆ ಮಂದವಾಗಿ ನೋಯುತ್ತೆ, ಬಾಯಿ ತೆರೆದರೆ ಕಟಕ್ ಅನ್ನುತ್ತೆ.

ಅಕ್ಕ: ನಿಮ್ಮದು ದವಡೆಯ ಕೀಲು, ಸ್ನಾಯು ಇರಬಹುದು. ರಾತ್ರಿ ಹಲ್ಲು ಕಡಿಯುತ್ತೀರಾ ಅಂತ ಚಿಕ್ಕಪ್ಪನ್ನ ಕೇಳಿ.

ಭಾವ: ಇಷ್ಟೆಲ್ಲಾ ಯಾಕೆ? ಸುಮ್ನೆ ಒಂದು ಎಂಆರ್‌ಐ ಮಾಡಿಸಿದರೆ ಆಯ್ತು.

ಅಕ್ಕ: ರೀ, ಎಂಆರ್‌ಐಯಲ್ಲಿ ನೋವು ಕಾಣಿಸಲ್ಲ. ನರವನ್ನು ರಕ್ತನಾಳ ಒತ್ತುತ್ತಿದೆಯಾ, ಗೆಡ್ಡೆ ಇದೆಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇದೆಯಾ ಅಂತ ನೋಡೋಕೆ ಅದು. ಅತ್ತೆಗೆ ಬೇಕಾಗುತ್ತೆ. ಆದರೆ ನೋವೇ ಇಲ್ಲದವರಲ್ಲೂ ರಕ್ತನಾಳ ನರಕ್ಕೆ ತಾಗಿರಬಹುದು. ಅದಕ್ಕೇ ನೋವಿನ ಕಥೆ ಮೊದಲು, ಸ್ಕ್ಯಾನ್ ಆಮೇಲೆ.

ದೊಡ್ಡಪ್ಪ: ಆಯ್ತಮ್ಮ. ಹಬೆಯಿಂದ ನಷ್ಟ ಏನು?

ಅಕ್ಕ: ಹಬೆಯಿಂದಲ್ಲ, ತಡ ಮಾಡೋದರಿಂದ. ವಯಸ್ಸಾದವರಿಗೆ ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೋವು, ಜೊತೆಗೆ ಕಣ್ಣು ಮಂಜು ಅಂದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಅದು ರಕ್ತನಾಳದ ಉರಿಯೂತ ಇರಬಹುದು, ದೃಷ್ಟಿಯೇ ಹೋಗಬಹುದು. ಮುಖ ಜೋಮು ಹಿಡಿದರೂ ತಡ ಮಾಡಬಾರದು.

ಅತ್ತೆ: ಅವೆಲ್ಲಾ ನನಗಿಲ್ಲ. ಪಕ್ಕದವರು ಕಾರ್ಬಮಜೆಪಿನ್ ಮಾತ್ರೆ ಕೊಡ್ತೀನಿ ಅಂದರು, ತಗೊಳ್ಳಲಾ?

ಅಕ್ಕ: ಬೇಡ ಅತ್ತೆ! ಈ ನೋವಿಗೆ ಮೊದಲು ಕೊಡೋದು ಅದೇ ಮಾತ್ರೆ. ಆದರೆ ರಕ್ತ ಪರೀಕ್ಷೆ ಮಾಡಿ ಡಾಕ್ಟರೇ ಕೊಡಬೇಕು. ಕೆಲವರಿಗೆ ಚರ್ಮಕ್ಕೆ ತುಂಬಾ ಕೆಟ್ಟ ಅಲರ್ಜಿ ಆಗುತ್ತೆ. ನ್ಯೂರಾಲಜಿಸ್ಟ್ ಹತ್ತಿರ ಹೋಗೋಣ.

ಅತ್ತೆ: ಮೂರನೇ ಹಲ್ಲು ಕೀಳಿಸೋಕೆ ಶನಿವಾರ ಬರೋಕೆ ಹೇಳಿದ್ದಾರಲ್ಲ?

ಅಕ್ಕ: ಅದನ್ನು ಈಗಲೇ ಫೋನ್ ಮಾಡಿ ನಿಲ್ಲಿಸಿ. ಹಳೇ ಎಕ್ಸ್‌ರೇ ಎಲ್ಲಾ ತೆಗೆದಿಡಿ.