ಗ್ಲಾಕೋಮಾ ಆಪರೇಷನ್ ನಂತರ ಕಣ್ಣಿನ ಒತ್ತಡ ಇಳಿದಿದೆ, ಆದರೆ ದೃಷ್ಟಿ ಮೊದಲಿಗಿಂತ ಮಸುಕಾಗಿದೆ. ಇದು ಸಹಜವೇ?

ಪ್ರಶ್ನೆ

ನನ್ನ ತಾಯಿಯವರಿಗೆ ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆಯಿದೆ. ಅವರ ಬಲಗಣ್ಣಿಗೆ ಕೆಲವು ವಾರಗಳ ಹಿಂದೆ ಟ್ರಾಬೆಕ್ಯುಲೆಕ್ಟಮಿ ಎಂಬ, ಕಣ್ಣಿನ ಒತ್ತಡ ಇಳಿಸುವ ಆಪರೇಷನ್ ಮಾಡಿಸಿದೆವು. ಮೂರು ಬಗೆಯ ಡ್ರಾಪ್ಸ್ ಹಾಕುತ್ತಿದ್ದರೂ ಆ ಕಣ್ಣಿನ ಒತ್ತಡ 28ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿದಾಗಲೆಲ್ಲ ಮೇಲ್ಭಾಗದ ನೋಟ ಇನ್ನಷ್ಟು ಕುಗ್ಗಿರುವುದು ಕಾಣುತ್ತಿದ್ದುದರಿಂದ, ಇನ್ನು ಕಾಯುವುದು ಸರಿಯಲ್ಲ ಎಂದು ವೈದ್ಯರೇ ಹೇಳಿದರು. ಈಗ ಒತ್ತಡ 5ಕ್ಕೆ ಬಂದಿದೆ. ಆದರೆ ಆಪರೇಷನ್ನಿಗೆ ಮುಂಚೆ ಅದೇ ಕಣ್ಣಿನಲ್ಲಿ ದಿನಪತ್ರಿಕೆ ಓದುತ್ತಿದ್ದ ಅಮ್ಮನಿಗೆ ಈಗ ದಪ್ಪ ಅಕ್ಷರದ ತಲೆಬರಹವೂ ಕಲಸಿಕೊಂಡಂತೆ ಕಾಣುತ್ತದೆ. ಎಡಗಣ್ಣು ಮುಚ್ಚಿಕೊಂಡು ಬಾಗಿಲಿನ ಚೌಕಟ್ಟು ನೋಡಿದರೆ ಅದರ ಅಂಚು ನಡುವೆ ಬಾಗಿದಂತಿದೆ ಎನ್ನುತ್ತಾರೆ. ನೋವಿಲ್ಲ, ಕೆಂಪಾಗಿಯೂ ಇಲ್ಲ. ಅವರಿಗೆ ಚಿಕ್ಕಂದಿನಿಂದಲೂ ಮೈನಸ್ ಪವರ್ ಹೆಚ್ಚು. ಒತ್ತಡ ಇಳಿಸುವುದೇ ಉದ್ದೇಶವಾಗಿದ್ದು ಅದು ಈಡೇರಿರುವಾಗ ದೃಷ್ಟಿ ಏಕೆ ಕೆಡಬೇಕು? ಕನ್ನಡಕ ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ 1 (ಇದೇ ಆಪರೇಷನ್ ಮಾಡಿಸಿಕೊಂಡವರು)

ನನಗೆ ಎರಡೂ ಕಣ್ಣಿಗೆ ಬೇರೆ ಬೇರೆ ವರ್ಷಗಳಲ್ಲಿ ಈ ಆಪರೇಷನ್ ಆಗಿದೆ. ಎರಡು ಸಲವೂ ಮೊದಲ ತಿಂಗಳು ಮಸುಕಾಗಿಯೇ ಕಳೆಯಿತು. ಪಾಪೆ ಹಿಗ್ಗಿಸುವ ಆಟ್ರೋಪಿನ್ ಹನಿ ಹಾಕುತ್ತಿರುವಷ್ಟು ದಿನ ಹತ್ತಿರದ್ದು ಓದಲು ಆಗುವುದೇ ಇಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಹೊಲಿಗೆಗಳ ಎಳೆತದಿಂದ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗು ಬದಲಾಗಿ ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಬರುತ್ತದೆ. ಹಳೆಯ ಕನ್ನಡಕ ಹಾಕಿದರೆ ಒಂದೊಂದು ಅಕ್ಷರಕ್ಕೂ ನೆರಳು ಹುಟ್ಟಿಕೊಂಡಂತೆ ಕಾಣುತ್ತಿತ್ತು. ಹಾಗೆಂದು ಅವಸರದಲ್ಲಿ ಹೊಸ ಕನ್ನಡಕ ಮಾಡಿಸಬೇಡಿ. ಹೊಲಿಗೆ ಸಡಿಲವಾದಂತೆ, ಒತ್ತಡ ಒಂದು ಮಟ್ಟಕ್ಕೆ ನಿಂತಂತೆ ಪವರ್ ಮತ್ತೆ ಬದಲಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಳೆದ ಮೇಲೆಯೇ ಪವರ್ ಪರೀಕ್ಷೆ ಮಾಡುತ್ತಾರೆ.

ಆದರೆ ನೇರ ಗೆರೆ ಬಾಗಿದಂತೆ ಕಾಣುವುದು ನನ್ನ ಅನುಭವದಲ್ಲಿ ಇರಲಿಲ್ಲ. ಅದೊಂದನ್ನು ಮುಂದಿನ ಭೇಟಿಯವರೆಗೆ ಇಟ್ಟುಕೊಳ್ಳದೆ ವೈದ್ಯರಿಗೆ ಇಂದೇ ಫೋನ್ ಮಾಡಿ ತಿಳಿಸಿ.

ಉತ್ತರ 2 (ನೇತ್ರವೈದ್ಯರು)

ಮೇಲಿನ ಸಲಹೆ ಸರಿಯಾಗಿದೆ. ಕಣ್ಣನ್ನು ನೋಡದೆ ರೋಗನಿರ್ಣಯ ಮಾಡಲಾಗದು, ಆದರೂ ನೀವು ಕೊಟ್ಟಿರುವ ಎರಡು ವಿವರಗಳು ನನಗೆ ಮುಖ್ಯವೆನಿಸುತ್ತವೆ: ಒತ್ತಡ 5 ಇರುವುದು ಮತ್ತು ಗೆರೆಗಳು ಬಾಗಿ ಕಾಣುವುದು.

ಕೇರ್ನ್ಸ್ ಎಂಬ ವೈದ್ಯರು 1968ರಲ್ಲಿ ವಿವರಿಸಿದ ಈ ಶಸ್ತ್ರಚಿಕಿತ್ಸೆಯಲ್ಲಿ, ಕಣ್ಣಿನ ಬಿಳಿ ಪದರದಲ್ಲಿ ಅರ್ಧ ದಪ್ಪದ ಪುಟ್ಟ ಮುಚ್ಚಳವೊಂದನ್ನು ಎಬ್ಬಿಸಿ, ಅದರಡಿ ಒಂದು ಕಿಂಡಿ ತೆರೆದು, ಮುಚ್ಚಳವನ್ನು ಮತ್ತೆ ಸಡಿಲವಾಗಿ ಹೊಲಿಯುತ್ತಾರೆ. ಒಳಗಿನ ದ್ರವ ಆ ದಾರಿಯಲ್ಲಿ ಹೊರಬಂದು, ಮೇಲಿನ ರೆಪ್ಪೆಯ ಅಡಿಯಲ್ಲಿ ಬ್ಲೆಬ್ ಎಂಬ ಸಣ್ಣ ಉಬ್ಬಾಗಿ ನಿಂತು, ಅಲ್ಲಿಂದ ಹೀರಲ್ಪಡುತ್ತದೆ. ಕೆರೆಯ ತೂಬನ್ನು ಎಷ್ಟು ತೆರೆದರೆ ಸರಿ ಎಂಬುದು ನೀರು ಹರಿದ ಮೇಲಷ್ಟೇ ಗೊತ್ತಾಗುವಂತೆ, ಇಲ್ಲಿಯೂ ಮೊದಲ ವಾರಗಳಲ್ಲಿ ಹರಿವು ಹೆಚ್ಚಾಗಬಹುದು ಅಥವಾ ಕಡಿಮೆಯಾಗಬಹುದು. ಹೆಚ್ಚಿನ ಕಣ್ಣುಗಳಲ್ಲಿ ಒತ್ತಡ 10ರಿಂದ 21 ಮಿ.ಮೀ. ಪಾದರಸದ ನಡುವೆ ಇರುತ್ತದೆ. ಅದು 5-6ಕ್ಕೆ ಇಳಿದರೆ ಹೈಪೋಟನಿ ಎನ್ನುತ್ತೇವೆ. ಅಷ್ಟು ಕಡಿಮೆ ಒತ್ತಡದಲ್ಲಿಯೂ ಎಷ್ಟೋ ಕಣ್ಣುಗಳು ಚೆನ್ನಾಗಿಯೇ ಇರುತ್ತವೆ. ಆದರೆ ಕೆಲವರಲ್ಲಿ ಕಣ್ಣುಗುಡ್ಡೆಯ ಗೋಡೆ ಸ್ವಲ್ಪ ಕುಸಿದು, ಅಕ್ಷಿಪಟಲದ ಮಧ್ಯಭಾಗವಾದ ಮ್ಯಾಕ್ಯುಲಾದಲ್ಲಿ ಸುಕ್ಕುಗಳು ಬೀಳುತ್ತವೆ. ಆಗ ನೇರ ಗೆರೆ ಬಾಗಿ ಕಾಣುತ್ತದೆ, ಓದುವ ದೃಷ್ಟಿ ಮಂಕಾಗುತ್ತದೆ. ಕಿರಿಯ ವಯಸ್ಸಿನವರಲ್ಲಿ, ಮೈನಸ್ ಪವರ್ ಹೆಚ್ಚಿರುವವರಲ್ಲಿ, ಗಾಯ ಬೇಗ ಕೂಡದಿರಲಿ ಎಂದು ಮೈಟೋಮೈಸಿನ್ ಎಂಬ ಔಷಧ ಬಳಸಿದವರಲ್ಲಿ ಇದರ ಸಾಧ್ಯತೆ ಹೆಚ್ಚು.

ಆದ್ದರಿಂದ ಅಳತೆ ಕಡಿಮೆ ಬಂದಷ್ಟೂ ಒಳ್ಳೆಯದು ಎಂದು ಭಾವಿಸಬೇಡಿ. ಪ್ರತಿಯೊಂದು ಕಣ್ಣಿಗೂ ಅದರ ದೃಷ್ಟಿನರಕ್ಕೆ ಆಗಿರುವ ಹಾನಿಯನ್ನು ನೋಡಿ ಒಂದು ಗುರಿ ಒತ್ತಡವನ್ನು ಗೊತ್ತುಮಾಡುತ್ತೇವೆ. 2000ರಲ್ಲಿ ಪ್ರಕಟವಾದ, ಎಜಿಐಎಸ್ ಎಂಬ ಗ್ಲಾಕೋಮಾ ಅಧ್ಯಯನದ ವಿಶ್ಲೇಷಣೆಯಲ್ಲಿ, ಎಲ್ಲ ಭೇಟಿಗಳಲ್ಲೂ 18ಕ್ಕಿಂತ ಕಡಿಮೆ ಒತ್ತಡವಿದ್ದ ಕಣ್ಣುಗಳ ದೃಷ್ಟಿಕ್ಷೇತ್ರ ಸರಾಸರಿಯಲ್ಲಿ ಸ್ಥಿರವಾಗಿ ಉಳಿಯಿತು; ಅವುಗಳ ಸರಾಸರಿ ಒತ್ತಡ 12.3 ಇತ್ತು. ನಾವು ಬಯಸುವುದು ಅಂಥ ಸ್ಥಿರತೆಯನ್ನೇ.

ವೈದ್ಯರು ಮೊದಲು ಸೋರಿಕೆ ಇದೆಯೇ ಎಂದು ನೋಡುತ್ತಾರೆ. ಬ್ಲೆಬ್ ಮೇಲೆ ಫ್ಲೋರೆಸೀನ್ ಬಣ್ಣ ಹಚ್ಚಿ ನೀಲಿ ಬೆಳಕಿನಲ್ಲಿ ಪರೀಕ್ಷಿಸಿದಾಗ, ಸೋರಿಕೆ ಇದ್ದರೆ ಬಣ್ಣವನ್ನು ತೊಳೆಯುತ್ತಾ ಸಣ್ಣ ಧಾರೆಯೊಂದು ಕೆಳಗಿಳಿಯುವುದು ಕಾಣುತ್ತದೆ. ಬಳಿಕ ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಎಂಬ ಸ್ಕ್ಯಾನನ್ನು ಮ್ಯಾಕ್ಯುಲಾಕ್ಕೆ ಮಾಡುತ್ತಾರೆ. ಅಕ್ಷಿಪಟಲದ ಹಿಂದಿನ ಪದರದಲ್ಲಿ ದ್ರವ ಸೇರಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ನಿಮ್ಮಿಬ್ಬರ ಮಾತಿನಿಂದ ಬಹಳ ಉಪಕಾರವಾಯಿತು. ಫೋನ್ ಮಾಡಿದ ಕೂಡಲೇ ಕರೆಸಿಕೊಂಡರು. ಸೋರಿಕೆ ಇಲ್ಲ. ಸ್ಕ್ಯಾನಿನಲ್ಲಿ ಮ್ಯಾಕ್ಯುಲಾದ ಮೇಲೆ ಸಣ್ಣ ಸುಕ್ಕುಗಳಿರುವುದನ್ನು ವೈದ್ಯರೇ ಪರದೆಯ ಮೇಲೆ ತೋರಿಸಿದರು. ನಯವಾಗಿರಬೇಕಾದ ಗೆರೆ ಅಲೆಯಲೆಯಾಗಿತ್ತು. ಗಾಯ ಸ್ವಲ್ಪ ಕೂಡಿಕೊಳ್ಳಲಿ ಎಂದು ಸ್ಟೀರಾಯ್ಡ್ ಹನಿಯನ್ನು ಕಡಿಮೆ ಮಾಡಿದ್ದಾರೆ, ಆದರೂ ಒತ್ತಡ ಏರದಿದ್ದರೆ ಮುಚ್ಚಳಕ್ಕೆ ಇನ್ನೊಂದು ಹೊಲಿಗೆ ಹಾಕಬೇಕಾಗಬಹುದು ಎಂದಿದ್ದಾರೆ. ಈಗ ನನಗಿರುವ ಭಯ ಬೇರೆ. ಗಾಯ ಕೂಡಿಕೊಂಡು ಒತ್ತಡ ಮತ್ತೆ 28ಕ್ಕೆ ಹೋದರೆ ಏನು ಗತಿ? ಮತ್ತೆ, ಹಳೆಯ ದೃಷ್ಟಿಯಲ್ಲಿ ಎಷ್ಟು ಮರಳಿ ಬರಬಹುದು?

ಉತ್ತರ 2 (ನೇತ್ರವೈದ್ಯರು)

ಸರಿಯಾದ ಸಮಯಕ್ಕೆ ಹೋಗಿದ್ದೀರಿ. ಸುಕ್ಕುಗಳು ಬಹಳ ಕಾಲ ಉಳಿದರೆ ದೃಷ್ಟಿಯಲ್ಲಿ ಶಾಶ್ವತ ಕೊರತೆ ಉಳಿಯಬಹುದು. ಬೇಗ ಒತ್ತಡ ಏರಿಸಿದರೆ ಸಾಮಾನ್ಯವಾಗಿ ಓದುವ ದೃಷ್ಟಿ ಸುಧಾರಿಸುತ್ತದೆ. ಗ್ಲಾಕೋಮಾದಿಂದ ಕಳೆದುಹೋಗಿರುವ ಮೇಲ್ಭಾಗದ ನೋಟ ಮಾತ್ರ ಮರಳುವುದಿಲ್ಲ. ಸತ್ತ ನರತಂತುಗಳು ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ಈ ಆಪರೇಷನ್ ಮಾಡುವುದು ಉಳಿದಿರುವುದನ್ನು ಕಾಪಾಡಲಿಕ್ಕೆ. ಇದನ್ನು ತಾಯಿಯವರಿಗೆ ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಭೇಟಿಯೂ ಅವರಿಗೆ ನಿರಾಶೆಯಾಗಿ ಕಾಣುತ್ತದೆ. ಈ ಆಪರೇಷನ್ ನಂತರ ಕಣ್ಣಿನ ಪೊರೆಯೂ ಬೇಗ ಬಲಿಯಬಹುದು. ಮುಂದೆ ತಿಂಗಳುಗಟ್ಟಲೆ ನಿಧಾನವಾಗಿ ಮಸುಕು ಹೆಚ್ಚಿದರೆ ಅದಕ್ಕೆ ಪೊರೆಯೇ ಕಾರಣವಾಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಒತ್ತಡ ಮತ್ತೆ ಏರುವ ಭಯಕ್ಕೂ ಆಧಾರವಿದೆ. ಮುಚ್ಚಳದ ಸುತ್ತ ಗಾಯದ ಅಂಗಾಂಶ ಬೆಳೆದರೆ ಹರಿವು ಕಡಿಮೆಯಾಗುತ್ತದೆ. ಆಗ ಲೇಸರಿನಿಂದ ಹೊಲಿಗೆಯೊಂದನ್ನು ಕತ್ತರಿಸುವುದು, ಸೂಜಿಯಿಂದ ಆ ಅಂಗಾಂಶವನ್ನು ಬಿಡಿಸುವುದು, ಒಂದೆರಡು ಡ್ರಾಪ್ಸ್ ಮತ್ತೆ ಆರಂಭಿಸುವುದು, ಹೀಗೆ ದಾರಿಗಳಿವೆ. ಸ್ಟೀರಾಯ್ಡ್ ಹನಿಯೇ ಕೆಲವರಲ್ಲಿ ಒತ್ತಡ ಏರಿಸುತ್ತದೆ. ಇಷ್ಟಾದರೂ ಅದನ್ನು ನೀವಾಗಿಯೇ ನಿಲ್ಲಿಸಬಾರದು, ಹೆಚ್ಚಿಸಲೂಬಾರದು. ಒಂದೇ ಒಂದು ಅಳತೆಯನ್ನು ಹಿಡಿದು ಗಾಬರಿಯಾಗಬೇಡಿ. ಒತ್ತಡ ದಿನದ ಬೇರೆ ಬೇರೆ ಹೊತ್ತಿನಲ್ಲಿ ಬದಲಾಗುತ್ತದೆ, ಕಾರ್ನಿಯಾದ ದಪ್ಪವೂ ಅಳತೆಯ ಮೇಲೆ ಪರಿಣಾಮ ಬೀರುತ್ತದೆ.

ಉತ್ತರ 1 (ಇದೇ ಆಪರೇಷನ್ ಮಾಡಿಸಿಕೊಂಡವರು)

ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ವರ್ಷಗಳು ಕಳೆದಂತೆ ಜನ ಇದನ್ನು ಮರೆಯುತ್ತಾರೆ. ಬ್ಲೆಬ್ ಇರುವವರೆಗೂ ಅದರ ಮೂಲಕ ಸೋಂಕು ಕಣ್ಣಿನೊಳಗೆ ಇಳಿಯುವ ಅಪಾಯ ಇದ್ದೇ ಇರುತ್ತದೆ. ಆಪರೇಷನ್ ಆದ ಕಣ್ಣು ಕೆಂಪಾದರೆ, ನೋವು ಬಂದರೆ, ಪಿಸುರು ಕಟ್ಟಿದರೆ, ಬೆಳಕು ಸಹಿಸದಂತಾದರೆ ಅಥವಾ ದೃಷ್ಟಿ ದಿಢೀರನೆ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ನೀರು ಸುರಿಯತೊಡಗಿದರೂ ಸೋರಿಕೆಯನ್ನು ಪರೀಕ್ಷಿಸಿಕೊಳ್ಳಬೇಕು. ಕಣ್ಣು ಉಜ್ಜಬಾರದು. ಒತ್ತಡ ಇಷ್ಟು ಕಡಿಮೆ ಇರುವಾಗ ಬಗ್ಗಿ ಭಾರ ಎತ್ತುವುದು, ಮಲಬದ್ಧತೆಯಿಂದ ತಿಣುಕುವುದು ಕೂಡ ಬೇಡ.

ಎಡಗಣ್ಣಿಗೆ ಹಳೆಯ ಡ್ರಾಪ್ಸ್ ಮುಂದುವರಿಯುತ್ತಿವೆ ತಾನೇ? ಬಲಗಣ್ಣಿಗೆ ಹಳೆಯವನ್ನು ನಿಲ್ಲಿಸಿದಾಗ ಎರಡೂ ಕಣ್ಣಿಗೆ ನಿಲ್ಲಿಸಿಬಿಡುವವರಿದ್ದಾರೆ. ಬಾಟಲಿಗಳ ಮೇಲೆ ಬಲ, ಎಡ ಎಂದು ದೊಡ್ಡದಾಗಿ ಬರೆದು ಬೇರೆ ಬೇರೆ ಡಬ್ಬಿಯಲ್ಲಿಡಿ.